ಮೊದಲು ದನಿ, ಆಮೇಲೆ ಚಿತ್ರ
ವಿಡಿಯೋ ಮಾಡಹೊರಟ ಮಕ್ಕಳಿಗೆ ಯಾವ ಸಾಮಾನು ಕೊಡಿಸಬೇಕು?

ನಮ್ಮ ಸದಸ್ಯರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬೇಡಿಕೆ ಕೇಳಿಬರುತ್ತಿದೆ. ಹಿಂದೆ ಮಕ್ಕಳು ಸೈಕಲ್ಲು ಕೇಳುತ್ತಿದ್ದರು, ಆಮೇಲೆ ಬೈಕು ಕೇಳಿದರು, ಈಗ ಕ್ಯಾಮೆರಾ ಕೇಳುತ್ತಾರೆ. ತೋಟದ ಕೆಲಸ, ಊರ ಜಾತ್ರೆ, ಅಡುಗೆ, ಹಾಡು ಇವನ್ನೆಲ್ಲ ಚಿತ್ರಿಸಿ ಯೂಟ್ಯೂಬಿಗೆ ಹಾಕಬೇಕೆಂಬ ಹಂಬಲ ಅವರದು. ಹಂಬಲವೇನೂ ಕೆಟ್ಟದ್ದಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬುದು ತಿಳಿಯದೆ ಅಂಗಡಿಗೆ ಹೋದರೆ, ಅಡಿಕೆ ಮಾರಿ ಬಂದ ದುಡ್ಡು ಪೆಟ್ಟಿಗೆಯೊಳಗೆ ಬೂಷ್ಟು ಹಿಡಿದು ಕೂರುತ್ತದೆ.

ಈ ವಿಷಯದಲ್ಲಿ ನನಗೆ ಪಾಠವಾದದ್ದು ನಮ್ಮ ಮಲೆನಾಡಿನಲ್ಲಲ್ಲ, ಮಗಳನ್ನು ಕೊಟ್ಟ ಬೈಲಹೊಂಗಲದ ಕಡೆಯ ಬಯಲಿನಲ್ಲಿ. ಹತ್ತಿ, ಜೋಳ, ಕಡಲೆ ಬೆಳೆಯುವ ಕಪ್ಪು ನೆಲ ಅದು. ಅಲ್ಲಿನ ನನ್ನ ಮೊಮ್ಮಗ ಕಳೆದ ಅಕ್ಟೋಬರಿನಲ್ಲಿ ನಾನು ಹೋದಾಗ, ಚಹಾ ಮುಗಿಯುವ ಮೊದಲೇ ಮಾತು ತೆಗೆದ.

“ಅಜ್ಜಾ, ಛಲೋ ಕ್ಯಾಮೆರಾ ಒಂದ ಬೇಕ್ರಿ. ಅರವತ್ತ ಸಾವಿರ ಆಗ್ತೈತಿ.”

“ಕೊಡಿಸೋಣ ಮಾರಾಯ. ಮೊದಲು ಇಲ್ಲೀವರೆಗೆ ಮಾಡಿದ್ದನ್ನ ತೋರಿಸು” ಎಂದೆ.

ಅವನು ತೋರಿಸಿದ್ದು ತನ್ನ ಆಯಿಯ, ಅಂದರೆ ನನ್ನ ಬೀಗಿತ್ತಿಯ ವಿಡಿಯೋ. ಬೀಸುವ ಪದಗಳನ್ನು ಬಹಳ ಚೆನ್ನಾಗಿ ಹಾಡುತ್ತಿದ್ದ ಹೆಂಗಸು ಆಕೆ. ಹೊಲದ ಬದುವಿನ ಮೇಲೆ ಕೂರಿಸಿ, ಹಿಂದೆ ಜೋಳದ ಬೆಳೆ ಕಾಣುವಂತೆ ಫೋನಿನಲ್ಲಿ ತೆಗೆದಿದ್ದ. ನಲವತ್ತು ನಿಮಿಷದ ಚಿತ್ರ. ಮುಖದ ಗೆರೆಗೆರೆಯೂ ಸ್ಪಷ್ಟ, ಕುಂಕುಮದ ಬಣ್ಣವೂ ಸ್ಪಷ್ಟ. ಆದರೆ ಕಿವಿಗೆ ಬಿದ್ದದ್ದು ಗಾಳಿಯ ಭರಭರ ಸದ್ದು ಮಾತ್ರ. ಹಾಡಿನ ಮಾತು ಅಲ್ಲೊಂದು ಇಲ್ಲೊಂದು. ಆ ಚಿತ್ರ ತೆಗೆದ ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಿದ್ದರು. ಇನ್ನೊಮ್ಮೆ ಹಾಡಿರೆಂದು ಕೇಳುವ ಹಾಗಿಲ್ಲ.

“ಇದಕ್ಕೇ ಅಜ್ಜಾ ಛಲೋ ಕ್ಯಾಮೆರಾ ಬೇಕಂದಿದ್ದು” ಎಂದ ಹುಡುಗ. ಅವನ ತಪ್ಪು ತಿಳಿವಳಿಕೆ ಅಲ್ಲಿಯೇ ಇತ್ತು. ಕ್ಯಾಮೆರಾ ಅರವತ್ತು ಸಾವಿರದ್ದಾಗಿದ್ದರೂ ಆ ಗಾಳಿ ಅದೇ ಗಾಳಿ. ಕೆಟ್ಟದ್ದು ಚಿತ್ರವಲ್ಲ, ದನಿ. ಕೊಂಚ ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ. ಮಾತು ಕೇಳದ ಚಿತ್ರವನ್ನು ಅರ್ಧ ನಿಮಿಷವೂ ನೋಡುವುದಿಲ್ಲ.

ಕ್ಯಾಮೆರಾದ ಮಾತನ್ನು ಬನದ ಹುಣ್ಣಿಮೆಯವರೆಗೆ ತಡೆಹಿಡಿಯೋಣ, ಅಲ್ಲಿಯವರೆಗೆ ಕೈಯಲ್ಲಿರುವ ಫೋನಿನಲ್ಲೇ ಸುತ್ತಲಿನ ನಾಲ್ಕು ತಾಲ್ಲೂಕು ತಿರುಗಿ ಏನೇನು ಕೊರತೆ ಇದೆ ನೋಡೋಣ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಆ ತಿರುಗಾಟದ ಫಲವೇ ಈ ಲೇಖನ.

ಕಿತ್ತೂರು: ಧ್ವನಿವರ್ಧಕದ ಪಾಠ

1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಧಾರವಾಡದ ಕಲೆಕ್ಟರ್ ಥ್ಯಾಕರೆಯ ದಂಡನ್ನು ಸೋಲಿಸಿದ ನೆನಪಿಗೆ ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ಉತ್ಸವ ನಡೆಯುತ್ತದೆ. ಡೊಳ್ಳು, ಕರಡಿ ಮಜಲು, ವೇದಿಕೆಯ ತುಂಬ ದೊಡ್ಡ ದೊಡ್ಡ ಸ್ಪೀಕರುಗಳು. ಮೊಮ್ಮಗ ಉತ್ಸಾಹದಿಂದ ಸ್ಪೀಕರಿನ ಎದುರಿಗೇ ನಿಂತು ಚಿತ್ರಿಸಿದ. ಮನೆಗೆ ಬಂದು ಕೇಳಿದರೆ ಹಾಡೆಲ್ಲ ಒಡಕು ಮಡಕೆಯ ಸದ್ದು.

ಮೈಕು ಹಿಡಿಯಬಲ್ಲ ಮಟ್ಟಕ್ಕಿಂತ ಜೋರಾದ ದನಿ ಒಳಗೆ ಹೊಕ್ಕರೆ ಅದರ ತುದಿಗಳು ಕತ್ತರಿಸಿ ಹೋಗುತ್ತವೆ. ಹೀಗೆ ಒಡೆದ ದನಿಯನ್ನು ಮತ್ತೆ ಕೂಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಆದುದರಿಂದ ಸ್ಪೀಕರಿನ ಎದುರು ನಿಲ್ಲದೆ ಪಕ್ಕಕ್ಕೆ, ದೂರಕ್ಕೆ ಸರಿಯಬೇಕು. ಇಂಥ ಕಡೆ ಉಪಯೋಗಕ್ಕೆ ಬರುವುದು ಅಂಗೈಯಗಲದ ಪ್ರತ್ಯೇಕ ಧ್ವನಿಮುದ್ರಕ. ಅದರಲ್ಲಿ ದನಿಯ ಮಟ್ಟವನ್ನು ಕೈಯಾರೆ ಏರಿಸಿ ಇಳಿಸಬಹುದು. ಅತಿ ಜೋರಾದ ಕ್ಷಣದಲ್ಲೂ ಮುಳ್ಳು ಮೈನಸ್ 12 ಡೆಸಿಬಲ್ ಸುತ್ತಮುತ್ತ ನಿಲ್ಲುವಂತೆ ಇಟ್ಟುಕೊಂಡರೆ ದನಿ ಒಡೆಯುವುದಿಲ್ಲ. ಆದರೆ ಇದು ಎರಡನೆಯ ಹಂತದ ಖರೀದಿ. ಆರಂಭದವರು ಪಕ್ಕಕ್ಕೆ ಸರಿಯುವುದನ್ನು ಕಲಿತರೆ ಸಾಕು, ಅದಕ್ಕೆ ಖರ್ಚಿಲ್ಲ.

ಬೈಲಹೊಂಗಲ: ಬರವಣಿಗೆ ಉಳಿಯಿತು, ದನಿ ಉಳಿಯಲಿಲ್ಲ

ಚೆನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲದಲ್ಲಿ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಸಂಗೊಳ್ಳಿಯೂ ಇದೇ ತಾಲ್ಲೂಕು. ಸಂಗ್ಯಾ ಬಾಳ್ಯಾ ಸಣ್ಣಾಟದ ಕಥೆ ನಡೆಯುವುದೂ ಇದೇ ಊರಿನಲ್ಲಿ. ರಾಯಣ್ಣನ ಮೇಲಿನ ಲಾವಣಿ, ಸಂಗ್ಯಾನ ಲಾವಣಿಗಳನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಹಾಡುವವರ ಬಾಯಿಂದ ಕೇಳಿ ಬರೆದುಕೊಂಡು 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅದಿನ್ನೂ ನಮ್ಮ ಹಳ್ಳಿಗಳ ದಾರಿ ಕಂಡಿರಲಿಲ್ಲ. ಹೀಗಾಗಿ ಲಾವಣಿಯ ಮಾತು ನಮಗೆ ಸಿಕ್ಕಿತು, ಹಾಡಿದವರ ದನಿ ಸಿಗಲಿಲ್ಲ.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಸ್ಥಿತಿ ಬದಲಾಯಿತು. ಮುರಗೋಡದಲ್ಲಿ ಹುಟ್ಟಿದ ಬಾಳಪ್ಪ ಹುಕ್ಕೇರಿಯವರಂಥವರ ಕಂಠ ಈ ಭಾಗದಿಂದ ನಾಡಿನ ಮನೆಮನೆಗೆ ಮುಟ್ಟಿತು. ಆದರೆ ಆಕಾಶವಾಣಿಯ ಮೈಕಿನ ಮುಂದೆ ಎಲ್ಲರ ಆಯಿಯೂ ಕೂರಲಾರಳು. ಆ ಕೆಲಸ ಈಗ ಮೊಮ್ಮಕ್ಕಳ ಕೈಗೆ ಬಂದಿದೆ. ಫ್ಲೀಟನ ಕೈಯಲ್ಲಿ ಇಲ್ಲದ ಯಂತ್ರ ಇಂದು ಪ್ರತಿ ಹುಡುಗನ ಜೇಬಿನಲ್ಲಿದೆ. ಅದಕ್ಕೊಂದು ಒಳ್ಳೆಯ ಕಿವಿಯನ್ನು ಜೋಡಿಸುವುದಷ್ಟೇ ಬಾಕಿ.

ಬೈಲಹೊಂಗಲದ ಪೇಟೆಯಲ್ಲಿ ನಾವು ಆ ಕಿವಿಯನ್ನು ಕೊಂಡೆವು. ಅಂಗಿಗೆ ಸಿಕ್ಕಿಸುವ, ಉದ್ದ ತಂತಿಯ ಪುಟ್ಟ ಕಾಲರ್ ಮೈಕು. ಬೆಲೆ ಸಾವಿರ ರೂಪಾಯಿಯ ಆಸುಪಾಸು. ಕೊಳ್ಳುವಾಗ ಒಂದು ಸಂಗತಿ ಗಮನಿಸಬೇಕು. ಮೈಕಿನ ಪಿನ್ನಿನ ಮೇಲೆ ಕಪ್ಪು ಉಂಗುರ ಮೂರಿದ್ದರೆ ಅದು ಫೋನಿಗೆ ಹೊಂದುತ್ತದೆ, ಎರಡಿದ್ದರೆ ಕ್ಯಾಮೆರಾಕ್ಕೆ. ಕೆಲವು ಮೈಕುಗಳಲ್ಲಿ ಎರಡಕ್ಕೂ ಹೊಂದಿಸುವ ಗುಂಡಿ ಇರುತ್ತದೆ. ಈಗಿನ ಅನೇಕ ಫೋನುಗಳಲ್ಲಿ ಗುಂಡನೆಯ ತೂತೇ ಇಲ್ಲ. ಅಂಥವರು ಚಾರ್ಜರಿನ ಟೈಪ್-ಸಿ ತೂತಿಗೆ ಹೊಂದುವ ಮೈಕನ್ನೇ ಕೇಳಬೇಕು. ಅಂಗಡಿಯಲ್ಲೇ ಫೋನಿಗೆ ಜೋಡಿಸಿ, ಬಾಗಿಲ ಹೊರಗೆ ಬೀದಿಯಲ್ಲಿ ನಿಂತು ಎರಡು ನಿಮಿಷ ಮಾತಾಡಿ, ಕೇಳಿ ನೋಡಿಯೇ ಹಣ ಕೊಡಬೇಕು. ತಂತಿಯಿಲ್ಲದ ವೈರ್‌ಲೆಸ್ ಮೈಕು ಓಡಾಡುತ್ತ ಮಾತಾಡುವವರಿಗೆ ಅನುಕೂಲ. ಆದರೆ ಅದರ ಬ್ಯಾಟರಿ ನಡುವೆ ಮುಗಿಯಬಹುದು, ಮರಗಿಡಗಳ ಮರೆಯಲ್ಲಿ ದನಿ ತುಂಡಾಗಬಹುದು. ಮೊದಲ ವರ್ಷಕ್ಕೆ ತಂತಿಯೇ ಭದ್ರ.

ಸವದತ್ತಿ: ಗಾಳಿ ಮತ್ತು ಭಂಡಾರ

ಬನದ ಹುಣ್ಣಿಮೆಗೆ ಅಡಿಕೆ ಕೊಯ್ಲನ್ನು ಮಗನಿಗೆ ಒಪ್ಪಿಸಿ ನಾನು ಮತ್ತೆ ಹೋದೆ. ಯಲ್ಲಮ್ಮನ ಗುಡ್ಡದಲ್ಲಿ ಜನಸಾಗರ. “ಉಧೋ ಉಧೋ” ಎಂಬ ಘೋಷ, ಚೌಡಿಕೆಯ ನಾದ, ಮೇಲೆ ತೂರುವ ಅರಿಶಿನದ ಭಂಡಾರ. ಬಯಲ ಗುಡ್ಡವಾದ್ದರಿಂದ ಗಾಳಿಗೆ ಅಡ್ಡಿಯೇ ಇಲ್ಲ.

ಮೈಕಿನ ಜೊತೆ ಬರುವ ಸ್ಪಂಜಿನ ಟೋಪಿ ಉಸಿರಿನ ಹೊಡೆತವನ್ನು ತಡೆಯುತ್ತದೆಯೇ ಹೊರತು ಇಂಥ ಗಾಳಿಯನ್ನಲ್ಲ. ಗಾಳಿಗೆ ಬೇಕಾದದ್ದು ಕುರಿಯ ತುಪ್ಪಟದಂತೆ ಉದ್ದ ಕೂದಲಿರುವ ಗವಸು. ಕಾಲರ್ ಮೈಕಿಗೆ ಹೆಬ್ಬೆರಳ ಗಾತ್ರದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊಮ್ಮಗ ಅದನ್ನು ತೊಡಿಸಿ ಒಮ್ಮೆ, ತೆಗೆದು ಒಮ್ಮೆ ಮಾತಾಡಿ ಕೇಳಿದ. ತಡವಾಗಿ ಅವನು ಹೇಳಿದ ಒಂದೇ ಮಾತು: “ಆಯಿಗೆ ಇದೊಂದ ಇದ್ದಿದ್ರ ಸಾಕಿತ್ತ ನೋಡ್ರಿ.” ನಾನೇನೂ ಉತ್ತರ ಕೊಡಲಿಲ್ಲ.

ಭಂಡಾರದ ಪುಡಿ ಫೋನಿನ ತೂತುಗಳಿಗೆ, ಮೈಕಿನ ಜಾಲರಿಗೆ ತುಂಬಿಕೊಳ್ಳುತ್ತದೆ. ಕೆಲಸವಿಲ್ಲದಾಗ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಕು. ಒರೆಸುವ ಮುನ್ನ ಮೆತ್ತನೆ ಬ್ರಷ್ಷಿನಿಂದ ಝಾಡಿಸಬೇಕು. ಮಸೂರವನ್ನು ಪಂಚೆಯ ಅಂಚಿನಿಂದ ಉಜ್ಜಿದರೆ ಪುಡಿ ಗೀರು ಹಾಕುತ್ತದೆ.

ಗುಡ್ಡದಲ್ಲಿ ಇನ್ನೊಂದು ಪಾಠವೂ ಉಂಟು. ಜೋಗತಿಯರನ್ನು, ಹರಕೆ ತೀರಿಸುವ ಹೆಂಗಸರನ್ನು ಕೇಳದೆ ಚಿತ್ರಿಸಬಾರದು. ದೇವದಾಸಿಯಾಗಿ ಅರ್ಪಿಸುವ ಪದ್ಧತಿಯನ್ನು 1982ರ ಕಾಯಿದೆಯೇ ನಿಷೇಧಿಸಿತು. ಆ ಪದ್ಧತಿಯಿಂದ ನೊಂದವರ ಮುಖವನ್ನು ನೋಟಕರ ಸಂಖ್ಯೆಗಾಗಿ ಊರೂರಿಗೆ ತೋರಿಸುವುದು ತಕ್ಕದ್ದಲ್ಲ. ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ ಎಂದು ಹಕ್ಕುಸ್ವಾಮ್ಯದ ಕಾನೂನೂ ಹೇಳುತ್ತದೆ. ಮೊದಲು ಒಪ್ಪಿಗೆ ಕೇಳಿ, ಆ ಒಪ್ಪಿಗೆಯ ಮಾತನ್ನೇ ಮೊದಲು ಮುದ್ರಿಸಿಕೊಳ್ಳುವುದು ಒಳ್ಳೆಯ ರೂಢಿ.

ಹಿಂತಿರುಗುವಾಗ ನವಿಲುತೀರ್ಥದ ಅಣೆಕಟ್ಟಿನ ಬಳಿ ನಿಂತೆವು. ನಡುಹಗಲು. ರೇಣುಕಾಸಾಗರದ ನೀರು ಹಿಂದೆ ಥಳಥಳಿಸುತ್ತಿರಲು, ಮುಂದೆ ನಿಂತ ನನ್ನ ಮುಖ ಕಪ್ಪಗೆ ಮೂಡಿತು. ಬೆಳಕು ಮಾತಾಡುವವನ ಬೆನ್ನಿಗಲ್ಲ, ಮುಖಕ್ಕೆ ಬೀಳಬೇಕು. ಫೋನಿನ ತೆರೆಯಲ್ಲಿ ಮುಖದ ಮೇಲೆ ಬೆರಳೊತ್ತಿ ಹಿಡಿದರೆ ಅನೇಕ ಫೋನುಗಳಲ್ಲಿ ಬೆಳಕಿನ ಅಳತೆ ಮುಖಕ್ಕೆ ಹೊಂದಿ ನಿಲ್ಲುತ್ತದೆ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಚಿತ್ರಿಸುವವನಿಗೆ ದೀಪದ ಖರ್ಚೇ ಇಲ್ಲ.

ರಾಮದುರ್ಗ: ಮಗ್ಗದ ಮಗ್ಗುಲಲ್ಲಿ

ನಮ್ಮ ಬೀಗಿತ್ತಿಯ ತಂಗಿಯನ್ನು ಕೊಟ್ಟದ್ದು ರಾಮದುರ್ಗದ ಕಡೆಗೆ. ಆಕೆಗೂ ಅಕ್ಕನ ಪದಗಳು ಬರುತ್ತವೆಂದು ಮಗಳು ನೆನಪು ಮಾಡಿದ್ದಳು. ನೇಕಾರರ ಓಣಿ ಅದು, ಪಕ್ಕದ ಮನೆಯಲ್ಲಿ ಮಗ್ಗ. ನಾವು ಹೋದಾಗ ಲಟಕ್ ಲಟಕ್ ಸದ್ದು ಜೋರಾಗಿತ್ತು.

ಕಾಲರ್ ಮೈಕು ಸಾಮಾನ್ಯವಾಗಿ ಸುತ್ತಲಿನ ಎಲ್ಲ ದಿಕ್ಕಿನ ದನಿಯನ್ನೂ ಹಿಡಿಯುತ್ತದೆ. ಅದಕ್ಕಿರುವ ಉಪಾಯ ಹತ್ತಿರವೊಂದೇ. ದೂರ ಎರಡು ಪಟ್ಟಾದರೆ ದನಿಯ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಆರಡಿ ದೂರದ ಫೋನಿಗೆ ಆಯಿಯ ಹಾಡೂ ಪಕ್ಕದ ಮಗ್ಗವೂ ಸಮಸಮ. ಬಾಯಿಂದ ಒಂದು ಗೇಣು ಕೆಳಗೆ, ಎದೆಯ ಮೇಲಿರುವ ಮೈಕಿಗೆ ಹಾಡೇ ದೊಡ್ಡದು. ಮೈಕು ಸೆರಗಿಗೆ ಉಜ್ಜಿದರೆ ಸರಸರ ಸದ್ದು ಬರುತ್ತದೆ. ಆದ್ದರಿಂದ ಬಟ್ಟೆಯ ಮೇಲ್ಗಡೆಯೇ ಸಿಕ್ಕಿಸಿ, ತಂತಿಯನ್ನು ಒಂದು ಸುತ್ತು ಸಡಿಲ ಬಿಟ್ಟು, ಕೆಳಗೆ ಟೇಪು ಅಂಟಿಸಬೇಕು. ಫ್ಯಾನು ನಿಲ್ಲಿಸಬೇಕು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಗೊಟ್ಟರೆ ನಾಲ್ಕು ಕಂಬಳಿ, ಕೌದಿಗಳನ್ನು ತೂಗುಹಾಕಿದರೆ ಸಾಕು. ನಾವು ಓಣಿಯಿಂದ ಆಚೆಗಿದ್ದ ಒಳಕೋಣೆಯಲ್ಲಿ ಕೌದಿ ಹರವಿ ಕೂತೆವು. ನೇಕಾರರೂ ವಿಷಯ ತಿಳಿದು ಅರ್ಧ ಗಂಟೆ ಮಗ್ಗ ನಿಲ್ಲಿಸಿದರು.

ಆದರೆ ಸಣ್ಣಾಯಿಗೆ ಪದವೇ ನೆನಪಾಗಲೊಲ್ಲದು. ಎರಡು ಸಾಲಿಗೆ ನಿಂತುಬಿಡುತ್ತಿತ್ತು. ಕೊನೆಗೆ ಆಕೆಯೇ, “ಕೈಯಾಗ ಗೂಟ ಇಲ್ಲದ ಬಾಯಾಗ ಪದ ಹೆಂಗ ಬರತೈತೋ ತಮ್ಮಾ?” ಎಂದರು. ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಹುಡುಗ ಎಳೆದು ತಂದ. ಒಂದು ಹಿಡಿ ಜೋಳ ಹಾಕಿ ತಿರುವಿದ್ದೇ ತಡ, ಪದ ಒಂದರ ಹಿಂದೊಂದು ಬಂತು. ಕಲ್ಲಿನ ಗರಗರ ಸದ್ದು ಕೆಳಗೆ ಸಣ್ಣಗೆ, ಹಾಡು ಮೇಲೆ ಸ್ಪಷ್ಟವಾಗಿ ಮುದ್ರಣವಾಯಿತು. ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದ ಮೊಮ್ಮಗ ಕೈ ಎತ್ತಿ, ಚೆನ್ನಾಗಿದೆ ಎಂದು ಸನ್ನೆ ಮಾಡಿದ. ಹದಿಮೂರು ಪದಗಳು ಸಿಕ್ಕವು. ಅಕ್ಕನಿಗೆ ಬರುತ್ತಿದ್ದವು ಇನ್ನೂ ಬಹಳ, ಅವು ಹೋದವು.

ಕೊಳ್ಳುವ ಕ್ರಮ

ನಾಲ್ಕು ತಾಲ್ಲೂಕು ತಿರುಗಿದ ಮೇಲೆ ನಾವು ಮಾಡಿಕೊಂಡ ಪಟ್ಟಿ ಇದು. ಸದಸ್ಯರು ಕತ್ತರಿಸಿ ಇಟ್ಟುಕೊಳ್ಳಬಹುದು.

1. ಕೈಯಲ್ಲಿರುವ ಫೋನು. ಮುಖದ ಕಡೆಯ ಕ್ಯಾಮೆರಾಕ್ಕಿಂತ ಬೆನ್ನಿನ ಕಡೆಯದು ಸಾಮಾನ್ಯವಾಗಿ ಮೇಲು. ಫೋನನ್ನು 1080ಪಿ ಮಟ್ಟಕ್ಕೆ ಇಟ್ಟರೆ ಧಾರಾಳ. ಅದಕ್ಕೆ ನಿಮಿಷಕ್ಕೆ ಸುಮಾರು 60ರಿಂದ 130 ಮೆಗಾಬೈಟ್ ಜಾಗ ಬೇಕು. 4ಕೆ ಮಟ್ಟಕ್ಕೆ ಅದರ ಎರಡು ಮೂರು ಪಟ್ಟು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ, ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣಿಮಿಣಿ ಎಂದರೆ ಸೆಕೆಂಡಿಗೆ 25 ಚೌಕಟ್ಟಿನ ಆಯ್ಕೆ ಇದ್ದಲ್ಲಿ ಅದನ್ನು ಆರಿಸಬೇಕು.

2. ತಂತಿಯ ಕಾಲರ್ ಮೈಕು, ಅದಕ್ಕೊಂದು ತುಪ್ಪಟದ ಗವಸು.

3. ಹೆಡ್‌ಫೋನು. ಮುದ್ರಿಸಿದ್ದನ್ನು ಅಲ್ಲೇ, ಎದುರಿನವರು ಏಳುವ ಮುನ್ನ ಕೇಳಿ ನೋಡಲು. ಇದೊಂದು ಅಭ್ಯಾಸವಿದ್ದಿದ್ದರೆ ಆಯಿಯ ಹಾಡು ಉಳಿಯುತ್ತಿತ್ತು.

4. ಮುಕ್ಕಾಲಿ ಸ್ಟ್ಯಾಂಡು, ಫೋನು ಹಿಡಿಯುವ ಕ್ಲಾಂಪು. ತೀರ ಹಗುರದ್ದು ಗಾಳಿಗೆ ಬೀಳುತ್ತದೆ. ನಡುವೆ ಕೊಕ್ಕೆ ಇದ್ದರೆ ಕಲ್ಲಿನ ಚೀಲ ತೂಗುಹಾಕಬಹುದು.

5. ಸಂಗ್ರಹಕ್ಕೆ ಹಾರ್ಡ್ ಡಿಸ್ಕು. ಯಾವ ಮುದ್ರಣವೂ ಕನಿಷ್ಠ ಎರಡು ಕಡೆ, ಸಾಧ್ಯವಾದರೆ ಮೂರನೆಯ ಪ್ರತಿ ಇನ್ನೊಂದು ಮನೆಯಲ್ಲಿ ಇರಲಿ. ಅಗ್ಗದ ಮೆಮೊರಿ ಕಾರ್ಡುಗಳಲ್ಲಿ ನಕಲಿ ಹೆಚ್ಚು. ಬಿಲ್ಲು ಪಡೆದೇ ಕೊಳ್ಳಬೇಕು.

6. ಧ್ವನಿಮುದ್ರಕ. ಹಾಡು, ವಾದ್ಯ, ಹಿರಿಯರ ಮಾತು ಸಂಗ್ರಹಿಸುವವರಿಗೆ. ವೇವ್ ಮಾದರಿಯಲ್ಲಿ, 48 ಕಿಲೋಹರ್ಟ್ಸ್ 24 ಬಿಟ್ ಮಟ್ಟದಲ್ಲಿ ಮುದ್ರಿಸಿದರೆ ಸ್ಟೀರಿಯೋ ಗಂಟೆಗೆ ಸುಮಾರು ಒಂದು ಗಿಗಾಬೈಟ್. ಫೋನಿನ ಚಿತ್ರದೊಂದಿಗೆ ಹೊಂದಿಸಲು ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿದರಾಯಿತು.

7. ಕ್ಯಾಮೆರಾ. ಮೇಲಿನ ಆರನ್ನೂ ಬಳಸಿ ಒಂದು ವರ್ಷ ದುಡಿದ ಮೇಲೆ, ಫೋನಿನಿಂದ ಆಗದ ಕೆಲಸ ಇಂಥದ್ದು ಎಂದು ಬೆರಳಿಟ್ಟು ತೋರಿಸಬಲ್ಲವನಿಗೆ ಮಾತ್ರ. ಬೆಳೆಯ ಮೇಲೆ ಸಾಲ ಮಾಡಿ, ಕಂತು ಕಟ್ಟಿ ಕೊಳ್ಳತಕ್ಕ ಸಾಮಾನಲ್ಲ ಅದು.

ಮಲೆನಾಡಿಗೆ ಬಂದಾಗ

ಬಯಲಿನವರಿಗೆ ಗಾಳಿ, ಧೂಳು ಶತ್ರುವಾದರೆ ನಮಗೆ ತೇವ. ಮಳೆಗಾಲದಲ್ಲಿ ಮಸೂರದೊಳಗೇ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನೊಂದಿಗೆ ಸಾಮಾನು ಇಡಬೇಕು. ಹರಳು ಬಣ್ಣ ಬದಲಿಸಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಉಪಯೋಗಿಸಬಹುದು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮಾತು ಮುದ್ರಿಸುವುದು ವ್ಯರ್ಥ. ಕಾಫಿ ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಔಷಧಿ ಪಂಪು ಓಡುವಾಗ ಚಿತ್ರ ಮಾತ್ರ ತೆಗೆದು, ವಿವರಣೆಯನ್ನು ಯಂತ್ರ ನಿಲ್ಲಿಸಿದ ಮೇಲೆ ಹೇಳಿಸಬೇಕು.

ಇದು ಅಂದಚೆಂದದ ಮಾತಷ್ಟೇ ಅಲ್ಲ. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ನಮಗೆಲ್ಲ ಗೊತ್ತು. ಹೊಸದಾಗಿ ತೋಟ ಮಾಡಿದವನು ಅದನ್ನು ವಿಡಿಯೋ ನೋಡಿ ಕಲಿಯುತ್ತಾನೆ. ಪಂಪಿನ ಸದ್ದಿನಲ್ಲಿ ಆ ಒಂದು ಅಂಕೆ ಅವನ ಕಿವಿಗೆ ತಪ್ಪಾಗಿ ಬಿದ್ದರೆ ಹೋಗುವುದು ಆ ವರ್ಷದ ಫಸಲು.

ಬೆಳೆಗಾರನ ಮಾತನ್ನು ಬೆಳೆಗಾರನೇ ಹೇಳಬೇಕೆಂಬುದು ನಮಗೆ ಹೊಸದಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಯೋಜನೆ ಕರ್ನಾಟಕದ ಹಳ್ಳಿಗಳಲ್ಲಿ ರೈತರಿಂದಲೇ ಸರಳ ವಿಡಿಯೋ ಮಾಡಿಸಿ ಇತರ ರೈತರಿಗೆ ತೋರಿಸಿತು. ತಮ್ಮಂಥವನೇ ಮಾತಾಡುವುದನ್ನು ಕಂಡು ಜನ ಹೊಸ ಪದ್ಧತಿಯನ್ನು ಹೆಚ್ಚು ಸುಲಭವಾಗಿ ಒಪ್ಪಿದರು. ಅಲ್ಲಿ ಗೆದ್ದದ್ದು ಕ್ಯಾಮೆರಾದ ಬೆಲೆಯಲ್ಲ. ನಂಬುವಂಥ ಮುಖ, ತಿಳಿಯುವಂಥ ಮಾತು.

ಕಡೆಯದಾಗಿ ಒಂದು ಸಲಹೆ. ಸಂಘಗಳು ಸಿಂಪಡಿಸುವ ಯಂತ್ರವನ್ನು ಬಾಡಿಗೆಗೆ ಕೊಡುವಂತೆ, ಎರಡು ಮೈಕು, ಒಂದು ಧ್ವನಿಮುದ್ರಕ, ಒಂದು ಮುಕ್ಕಾಲಿ ಇರುವ ಪೆಟ್ಟಿಗೆಯೊಂದನ್ನು ಸದಸ್ಯರ ಉಪಯೋಗಕ್ಕೆ ಇಟ್ಟರೆ ಒಳ್ಳೆಯದು. ಪ್ರತಿ ಮನೆಯವರೂ ಎಲ್ಲವನ್ನೂ ಕೊಳ್ಳುವ ಅಗತ್ಯ ಆಗ ಬೀಳದು. ಒಬ್ಬನಿಗೆ ಭಾರವಾದದ್ದನ್ನು ಹತ್ತು ಜನ ಹೊರುವುದೇ ಅಲ್ಲವೇ ಸಹಕಾರ?

ಮೊಮ್ಮಗ ಇನ್ನೂ ಕ್ಯಾಮೆರಾ ಕೊಂಡಿಲ್ಲ. ಆ ಹದಿಮೂರು ಪದಗಳ ಪ್ರತಿ ಮೂರು ಮನೆಗಳಲ್ಲಿದೆ, ಒಂದು ನಮ್ಮಲ್ಲಿ. ನಿಮ್ಮ ಮನೆಯಲ್ಲೂ ಹಾಡು ಬಲ್ಲ, ಬೇಸಾಯ ಬಲ್ಲ ಹಿರಿಯರಿದ್ದರೆ ಸಾಮಾನಿನ ಪಟ್ಟಿ ಪೂರ್ತಿಯಾಗಲೆಂದು ಕಾಯಬೇಡಿ. ಸಾವಿರ ರೂಪಾಯಿಯ ಮೈಕು ತನ್ನಿ, ಫ್ಯಾನು ನಿಲ್ಲಿಸಿ, ಅವರ ಹತ್ತಿರ ಕೂತುಕೊಳ್ಳಿ.